ಆನೆಯಲ್ಲ, ಟೀಚರ್: ರಸ್ತೆ ಬದಿಯ ಕಾಫಿ ಕಣದಲ್ಲೊಂದು ಕರಾಟೆ ಪ್ರಕರಣ

ಈ ಪ್ರಕರಣದ ಹೆಂಗಸನ್ನು ಟೀಚರ್ ಎಂದೇ ಕರೆಯುತ್ತೇನೆ. ಊರಲ್ಲಿ ಎಲ್ಲರೂ ಹಾಗೆ ಕರೆಯುವುದು, ಹೆಸರು ಹಾಕಬೇಡಿ ಎಂದು ಅವರೂ ಹೇಳಿದ್ದಾರೆ. ವಯಸ್ಸು 34. ಪ್ರೌಢಶಾಲೆಯಲ್ಲಿ ಗಣಿತ ಪಾಠ. ಮನೆ ಕೊಡಗಿನ ಸಿದ್ದಾಪುರದಿಂದ ಅಮ್ಮತ್ತಿಗೆ ಹೋಗುವ ರಸ್ತೆಯ ಬದಿ, ಐದು ಸೆಂಟ್ಸ್ ಜಾಗದಲ್ಲಿ. ಗಂಡ ಮಿಲಿಟರಿಯಲ್ಲಿ, ಮನೆಯಲ್ಲಿರುವುದು ಅತ್ತೆ, ಎಂಟು ವರ್ಷದ ಮಗ. ಮೈಸೂರಿನಲ್ಲಿ ಬಿ.ಎಡ್. ಮಾಡುವಾಗ ಶೋಟೋಕಾನ್ ಕರಾಟೆ ಕಲಿತು ಬ್ರೌನ್ ಬೆಲ್ಟ್‌ವರೆಗೆ ಬಂದಿದ್ದರು. ಮದುವೆ, ಮಗು ಅಂತ ಹತ್ತು ವರ್ಷ ಬಿಟ್ಟುಹೋಗಿತ್ತು. ಹೋದ ವರ್ಷ ಗೋಣಿಕೊಪ್ಪದಲ್ಲಿ ನಾನು ಬಾಡಿಗೆ ಹಾಲ್‌ನಲ್ಲಿ ನಡೆಸುವ ಭಾನುವಾರದ ಕ್ಲಾಸಿಗೆ ಬಂದು ಸೇರಿದರು.

ಇದನ್ನು ಬರೆಯುತ್ತಿರುವುದು ಹೆಚ್ಚಾಗಿ ನನ್ನಂಥ ಕರಾಟೆ ಮಾಸ್ತರುಗಳಿಗೆ. "ಮನೆಯಲ್ಲಿ ದಿನಾ ಅಭ್ಯಾಸ ಮಾಡಿ" ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಕಣ್ಣೆದುರಿಗೆ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಮನೆ ಹಿಂದೆ, ಕತ್ತಲಲ್ಲಿ

ಟೀಚರ್ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ತಯಾರಾಗುತ್ತಿದ್ದರು. ಅದಕ್ಕೆ ನಾನು ಕೊಟ್ಟ ಕಾತಾ ಬಸ್ಸಾಯ್ ದಾಯ್. ಕಾತಾ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುವುದಾದರೆ, ಎದುರಾಳಿ ಇಲ್ಲದಿದ್ದರೂ ಇದ್ದಾನೆ ಎಂದುಕೊಂಡು, ಗೊತ್ತಾದ ಒಂದು ಕ್ರಮದಲ್ಲಿ ತಡೆ, ಏಟು, ಒದೆತಗಳನ್ನು ಮಾಡುತ್ತ ಹೋಗುವುದು. ಬಸ್ಸಾಯ್ ದಾಯ್‌ನಲ್ಲಿ 42 ಚಲನೆಗಳಿವೆ. ಶುರುವಾಗುವುದೇ ಮುಂದಕ್ಕೆ ಒಂದು ಹಾರುನೆಗೆತದಿಂದ. ಎರಡು ಕಡೆ ಹೊಟ್ಟೆಯಾಳದಿಂದ ಕೂಗಬೇಕು, ಅದಕ್ಕೆ ಕಿಯಾಯ್ ಎನ್ನುತ್ತಾರೆ. ಟೀಚರ ಮನೆಯ ಹಾಲ್ ಹತ್ತಕ್ಕೆ ಹನ್ನೆರಡು ಅಡಿ. ಅದರೊಳಗೆ ಸೋಫಾ, ಟಿವಿ, ಮಗನ ಸೈಕಲ್. ಮೂರನೇ ಹೆಜ್ಜೆಗೆ ಗೋಡೆ ಸಿಗುತ್ತದೆ.

ಮುಂದೆ ಅಂಗಳವೇನೋ ಇತ್ತು, ಆದರೆ ಅದು ರಸ್ತೆಗೆ ತೆರೆದ ಅಂಗಳ. "ಬಸ್ಸಿನವರೆಲ್ಲ ನೋಡ್ತಾರೆ ಮಾರಾಯ್ತಿ. ಟೀಚರ್ ಗಾಳಿಗೆ ಗುದ್ದುತ್ತಾ ನಿಂತಿದ್ರೆ ಎಂತ ಅಂದ್ಕೊಳ್ತಾರೆ?" ಎಂದರಂತೆ ಅತ್ತೆ. ಅತ್ತೆ ಕೆಟ್ಟವರಲ್ಲ. ಭಾನುವಾರ ಮಗುವನ್ನು ನೋಡಿಕೊಂಡು ಸೊಸೆಯನ್ನು ಕ್ಲಾಸಿಗೆ ಕಳಿಸುವವರೇ ಅವರು. ಬೆವರಿದರೆ ಬೆವರಲಿ, ಅದು ಮನೆಯೊಳಗೋ ಹಾಲ್‌ನೊಳಗೋ ಆಗಲಿ ಎಂಬುದಷ್ಟೇ ಅವರ ಮಾತು.

ಟೀಚರ್ ಕಂಡುಕೊಂಡ ದಾರಿ ಮನೆಯ ಹಿಂದಿನ ತೋಟ. ಪಕ್ಕದ ಮನೆಯ ಅಜ್ಜನದು ಅದು. ಸಿಲ್ವರ್ ಓಕ್ ಮರಗಳ ನಡುವೆ ಜೀಪು ಹೋಗುವ ಮಣ್ಣಿನ ದಾರಿ, ಅದರಲ್ಲೊಂದು ಸಮತಟ್ಟು ಜಾಗ. ಬೆಳಿಗ್ಗೆ ಐದೂವರೆಗೆ ಹೋಗಿ ಆರೂಕಾಲಕ್ಕೆ ವಾಪಸ್. ಡಿಸೆಂಬರಿನಲ್ಲಿ ಐದೂವರೆ ಅಂದರೆ ಗವ್ವೆನ್ನುವ ಕತ್ತಲೆ. ಬಿಳಿ ಕರಾಟೆ ಬಟ್ಟೆ ದೂರಕ್ಕೆ ಕಾಣುತ್ತದೆ ಎಂದು ಕಪ್ಪು ಟ್ರ್ಯಾಕ್ ಸೂಟು. ಕೈಯಲ್ಲಿ ಕೋಲು. ನನ್ನ ಕ್ಲಾಸಿನಲ್ಲಿ ಒಕಿನಾವಾದ ಕೋಲಿನ ಅಭ್ಯಾಸವೂ ಇದೆ. ಆರು ಶಾಕು ಉದ್ದ, ಅಂದರೆ ಸುಮಾರು 182 ಸೆಂಟಿಮೀಟರ್. ಟೀಚರಿಗಿಂತ ಒಂದು ಗೇಣು ಎತ್ತರ. ಕಿಯಾಯ್ ಮಾತ್ರ ಮಾಡುತ್ತಿರಲಿಲ್ಲ. ಕೂಗುವ ಜಾಗ ಬಂದಾಗ ಬಾಯಿ ತೆರೆದು ಉಸಿರು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು.

ಅದು ನನಗೆ ಭಾನುವಾರ ಕಂಡಿತು. ಹಾಲ್‌ನಲ್ಲೂ ಅವರ ಕೂಗು ಗಂಟಲಲ್ಲೇ ಉಳಿಯುತ್ತಿತ್ತು. "ಟೀಚರ್, ನಲವತ್ತು ಹುಡುಗರ ಕ್ಲಾಸನ್ನು ಸುಮ್ಮನಾಗಿಸುವವರಲ್ವಾ ನೀವು? ಮನೆಯಲ್ಲೂ ಹೀಗೇನಾ? ಕೂಗದಿದ್ದರೆ ಕಾತಾ ಅರ್ಧ ಆದ ಹಾಗೆ" ಎಂದೆ. ಅವರು "ಆಯ್ತು ಸರ್" ಎಂದರು. ಎಲ್ಲಿ ಅಭ್ಯಾಸ ಎಂದು ಆಗಲಾದರೂ ಕೇಳಬಹುದಿತ್ತು.

ಆ ಬುಧವಾರ

ಕೊಡಗಿನ ಹೊರಗಿನವರಿಗೆ ಇಲ್ಲಿ ಸ್ವಲ್ಪ ವಿವರ ಬೇಕು. ಡಿಸೆಂಬರ್ ಅಂದರೆ ಅರೇಬಿಕಾ ಹಣ್ಣಾಗಿ ಕುಯ್ಲು ನಡೆಯುವ ಕಾಲ, ರೊಬಸ್ಟಾ ಅದರ ಹಿಂದೆಯೇ ಬರುತ್ತದೆ. ವರ್ಷದ ದುಡಿಮೆಯೆಲ್ಲ ಗಿಡದಲ್ಲಿ ಇಲ್ಲವೇ ಕಣದಲ್ಲಿ ಬಿದ್ದಿರುತ್ತದೆ. ರಾತ್ರಿ ಕಾಫಿ, ಮೆಣಸು ಕದಿಯುವವರ ಭಯ. ಅದರ ಮೇಲೆ ಆನೆ. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಲ್ಲಿ ಆನೆ ದಾಟಿಹೋಗುವುದಲ್ಲ, ತಳವೇ ಊರುತ್ತದೆ. ಬೆಳಗ್ಗೆ ಕೆಲಸಕ್ಕೆ ಹೊರಟವರು ಆನೆಗೆ ಸಿಕ್ಕಿ ಸತ್ತ ಸುದ್ದಿ ಇಲ್ಲಿ ಹೊಸದಲ್ಲ. ಬೆಳಗಾಗುವ ಮೊದಲು ಯಾರಾದರೂ ಕೂಗಿದರೆ ಅದಕ್ಕೆ ಎರಡೇ ಅರ್ಥ: ಒಂದೋ ಆನೆಯನ್ನು ಓಡಿಸುತ್ತಿದ್ದಾರೆ, ಇಲ್ಲವೇ ಆನೆ ಯಾರನ್ನೋ ಓಡಿಸುತ್ತಿದೆ.

ಇನ್ನೊಂದು ಸಂಗತಿ ಕೋವಿ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಪೂಜೆ ಮಾಡಿಸಿಕೊಳ್ಳುವ ಕೋವಿಯೇ ತೋಟ ಕಾಯುವುದಕ್ಕೂ ಹೋಗುತ್ತದೆ.

ಆ ಬುಧವಾರ ಟೀಚರ್ ನನ್ನ ಮಾತು ಕೇಳಿ, ಮೊದಲ ಸಲ ಪೂರ್ತಿ ಬಾಯಿ ಬಿಟ್ಟು ಕೂಗಿದರು. ಮಂಜಿನ ಬೆಳಗು, ಕೂಗು ಕಣಿವೆಯ ಆಚೆಗೂ ಹೋಗಿರಬೇಕು. ಎರಡನೇ ಕಿಯಾಯ್ ಮುಗಿಯುವುದಕ್ಕೂ ಮೇಲಿನ ಕಡೆಯಿಂದ ಆನೆ ಓಡಿಸುವ ಪಟಾಕಿ, ಎರಡು ಗರ್ನಲ್ ಸಿಡಿಯುವುದಕ್ಕೂ ಸರಿಹೋಯಿತು. ತೋಟದ ಕಾವಲಿನವನು "ಬಂತು, ಬಂತು" ಎಂದು ಬೊಬ್ಬೆ ಹಾಕಿದ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ದೀಪ ಹತ್ತಿದವು, ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಗರ್ನಲ್ ಸದ್ದಿಗೆ ಟೀಚರಿಗೂ ಆನೆಯೇ ಬಂತೆನಿಸಿ, ಒಂದು ಸಿಲ್ವರ್ ಓಕ್ ಮರದ ಹಿಂದೆ ಹೋಗಿ ನಿಂತರು. ಅಂಥ ಹೊತ್ತಿನಲ್ಲಿ ಮರದ ಮರೆಗೆ ಹೋಗುವುದೇ ತಪ್ಪು. ಅಜ್ಜನ ಮಗ ಕೋವಿ ಹಿಡಿದು ಬಂದಾಗ ಅವನ ಟಾರ್ಚಿಗೆ ಸಿಕ್ಕಿದ್ದು ಮರದ ಹಿಂದೆ ಅಡಗಿ ನಿಂತ, ಕಪ್ಪು ಬಟ್ಟೆಯ, ಕೈಯಲ್ಲಿ ಆರಡಿ ಕೋಲಿರುವ ಒಂದು ಆಕಾರ.

"ಯಾರದು?" ಎಂದು ಎರಡು ಸಲ ಕೇಳಿದನಂತೆ. ಟೀಚರಿಗೆ ಸ್ವರ ಹೊರಡಲಿಲ್ಲ. ಮೂರನೇ ಸಲಕ್ಕೆ, "ನಾನು, ಟೀಚರ್."

"ಟೀಚರಾ? ಇಲ್ಲೆಂತ ಮಾಡ್ತಿದ್ದೀರಿ?"

"ಎಕ್ಸರ್‌ಸೈಜ್" ಎಂದರಂತೆ ಟೀಚರ್. ಕೋವಿ ಕೆಳಗಿಳಿಯಿತು. ಅಲ್ಲಿಗೆ ಹದಿನೈದು ಜನ ಸೇರಿದ್ದರು.

ಸಂಜೆಯೊಳಗೆ ಊರಿನ ವಾಟ್ಸಾಪ್‌ನಲ್ಲಿ ಮೂರು ಕಥೆ ಓಡಾಡಿದವು. ಟೀಚರ್ ಆನೆ ಓಡಿಸಿದರು ಎಂಬುದೊಂದು. ಟೀಚರ ಮೈಮೇಲೆ ಏನೋ ಬರುತ್ತದೆ ಎಂಬುದು ಎರಡನೆಯದು. ಮೂರನೆಯದನ್ನು ಬರೆಯುವುದಿಲ್ಲ. ಗಂಡ ಊರಲ್ಲಿಲ್ಲದ ಹೆಂಗಸು ಕತ್ತಲಲ್ಲಿ ತೋಟಕ್ಕೆ ಹೋಗುತ್ತಾಳೆ ಎಂಬುದರಿಂದ ಜನ ಏನು ಹೆಣೆಯುತ್ತಾರೋ ಅದು. ಹೀಗಾಗುವುದು ಕೊಡಗಿನಲ್ಲಿ ಮಾತ್ರವೂ ಅಲ್ಲ. ಕರಾಟೆಯನ್ನು ಒಕಿನಾವಾದಿಂದ ಟೋಕಿಯೊಗೆ ತಂದು 1922ರಲ್ಲಿ ಎಲ್ಲರೆದುರು ಮಾಡಿ ತೋರಿಸಿದ ಗಿಚಿನ್ ಫುನಾಕೋಶಿ ಕೂಡ ಶಾಲಾ ಮಾಸ್ತರೇ. ಎಳೆ ವಯಸ್ಸಿನಲ್ಲಿ ಅವರು ರಾತ್ರಿ ಹೊತ್ತು ಗುರುಗಳ ಮನೆಯ ಅಂಗಳದಲ್ಲಿ ಗುಟ್ಟಾಗಿ ಕಲಿತು ಬೆಳಗಿನ ಜಾವ ಮನೆಗೆ ನಡೆದು ಬರುತ್ತಿದ್ದರು. ಇವನೆಲ್ಲೋ ಸೂಳೆಗೇರಿಗೆ ಹೋಗಿ ಬರುತ್ತಾನೆಂದು ಊರಲ್ಲಿ ಕೆಲವರು ತೀರ್ಮಾನಿಸಿದ್ದರಂತೆ. ಅವರೇ ನೆನಪಿಸಿಕೊಂಡು ಬರೆದಿರುವ ಮಾತಿದು.

ಟೀಚರ್ ಮೂರು ವಾರ ಅಭ್ಯಾಸ ಬಿಟ್ಟರು. ಎರಡು ಭಾನುವಾರ ಕ್ಲಾಸಿಗೂ ಬರಲಿಲ್ಲ. ಫೋನ್ ಮಾಡಿದಾಗಲೇ ನನಗೆ ವಿಷಯ ಗೊತ್ತಾದದ್ದು.

ಕಣ

ಜನವರಿಯ ಒಂದು ಭಾನುವಾರ ಅವರ ಮನೆಗೆ ಹೋದೆ. ಅತ್ತೆ ಕಾಫಿ ಕೊಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಕೋಪ ಬಂದದ್ದು ನ್ಯಾಯವೇ. ನಾವಿಬ್ಬರೂ ಸುತ್ತಮುತ್ತ ಜಾಗ ನೋಡಿಬಂದೆವು. ಶಾಲೆಯ ಮೈದಾನ ಎರಡು ಕಿಲೋಮೀಟರ್ ದೂರ, ಗೇಟು ತೆಗೆಯುವುದು ಎಂಟಕ್ಕೆ. ಮನೆಗೆ ಹಂಚಿನ ಮಾಡು, ಟೆರೇಸ್ ಇಲ್ಲ. ದೇವಸ್ಥಾನದ ಹೊರಾಂಗಣ ಕೇಳೋಣವೇ ಎಂದೆ. "ಸಮಿತಿಯಲ್ಲಿ ಇರುವವರೇ ಆ ಮೂರನೇ ಕಥೆ ಕಳಿಸಿದ್ದು ಸರ್" ಎಂದರು.

ಉಳಿದದ್ದು ಅಜ್ಜನ ಕಾಫಿ ಕಣ. ರಸ್ತೆಗೆ ತಾಗಿಕೊಂಡೇ ಇದೆ, ಎದುರಿಗೆ ಬಸ್ ಸ್ಟ್ಯಾಂಡ್.

"ಸರ್, ಅಲ್ಲಿ ಎಲ್ಲರಿಗೂ ಕಾಣುತ್ತೆ."

"ಕಾಣಲಿ ಅಂತಲೇ ಹೇಳ್ತಿರೋದು."

ನನ್ನ ಲೆಕ್ಕ ಇಷ್ಟೇ. ಟೀಚರಿಗೆ ತೊಂದರೆಯಾದದ್ದು ಜನ ನೋಡಿದ್ದರಿಂದಲ್ಲ, ಅರ್ಧ ನೋಡಿದ್ದರಿಂದ. ಕೂಗು ಕೇಳಿತು, ಕೂಗಿದವರು ಕಾಣಲಿಲ್ಲ. ಕೋಲು ಕಂಡಿತು, ಕೋಲಿನ ಕೆಲಸ ಕಾಣಲಿಲ್ಲ. ಉಳಿದರ್ಧವನ್ನು ಜನ ತಮಗೆ ಗೊತ್ತಿದ್ದದ್ದರಿಂದ ತುಂಬಿಕೊಂಡರು: ಕಳ್ಳ, ಆನೆ, ದೆವ್ವ, ಕಳ್ಳಸಂಬಂಧ. ಬೆಳಕಿನಲ್ಲಿ, ದಿನಾ ಒಂದೇ ಹೊತ್ತಿಗೆ, ತಲೆಯಿಂದ ಕಾಲಿನವರೆಗೆ ಕಾಣುವಂತೆ ಮಾಡಿದರೆ ತುಂಬಿಕೊಳ್ಳಲು ಏನೂ ಉಳಿಯುವುದಿಲ್ಲ.

ಅಜ್ಜನನ್ನು ಕೇಳಲು ಹೋದೆವು. ಎಪ್ಪತ್ತೈದು ದಾಟಿದವರು, ವರಾಂಡದ ಬೆತ್ತದ ಕುರ್ಚಿಯಲ್ಲಿದ್ದರು. ಅವತ್ತಿನ ಗಲಾಟೆಗೆ ಕ್ಷಮೆ ಕೇಳಲು ಟೀಚರ್ ಬಾಯಿ ತೆರೆಯುವ ಮೊದಲೇ ಅವರು ಕೋಲು ತರಿಸಿದರು. ಕೈಯಲ್ಲಿ ತೂಗಿ ನೋಡಿ, "ಇದು ಭಾರ ಆಯ್ತು. ನಮ್ಮ ಪರೆಯಕಳಿಗೆ ಬೆತ್ತ" ಎಂದರು. ಪರೆಯಕಳಿ ಹುತ್ತರಿ ಹಬ್ಬದ ಆಟ: ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ, ಹೊಡೆತ ಮೊಣಕಾಲಿನಿಂದ ಕೆಳಗೆ ಮಾತ್ರ. ಅಜ್ಜ ಪ್ಯಾಂಟಿನ ತುದಿ ಮೇಲೆತ್ತಿ ಮೊಣಕಾಲಿನ ಕೆಳಗೆ ಕಲೆಯಾಗಿ ಉಳಿದ ಒಂದು ಗೆರೆ ತೋರಿಸಿದರು. "ನಾವು ಇದನ್ನೆಲ್ಲ ಆಡಿದ್ದು ಮಂದ್‌ನಲ್ಲಿ, ಊರ ಬಯಲಲ್ಲಿ. ಊರಿಡೀ ಸುತ್ತ ನಿಂತಿರ್ತಿತ್ತು. ಕೋಲು ಹಿಡಿದವರು ಯಾರಾದ್ರೂ ಕದ್ದು ಆಡ್ತಾರಾ ಮಗಳೇ?"

ಅದು ನನಗೂ ಪಾಠವೇ. ಕರಾಟೆಯವರಾದ ನಮಗೆ ಗುಟ್ಟಿನ ಮೇಲೆ ಒಂದು ವ್ಯಾಮೋಹ ಉಂಟು, ಹಳೆಯ ಒಕಿನಾವಾದ ಕಥೆಗಳನ್ನು ಹೇಳಿ ಹೇಳಿ ಬೆಳೆದದ್ದು. ಈ ಮಣ್ಣಿನ ಕೋಲಿನಾಟ ಇದ್ದದ್ದೇ ನಾಲ್ಕು ಜನರ ಮಧ್ಯೆ. ಏಟು ಜೋರಾದರೆ ನಡುವೆ ಬಂದು ಬಿಡಿಸಲು ಹಿರಿಯರು ಅಲ್ಲೇ ನಿಂತಿರುತ್ತಿದ್ದರು. ಅಲ್ಲಿ ನೋಡುವವರೂ ಆಟದೊಳಗಿನವರೇ.

ಕಣ ಕೊಡಲು ಅಜ್ಜ ಹಾಕಿದ ಷರತ್ತುಗಳಲ್ಲಿ ಮುಖ್ಯವಾದದ್ದು ಕಾಫಿ. ಕುಯ್ಲಿನ ಕಾಲದಲ್ಲಿ ಕಣ ತುಂಬ ಚೆರಿ ಹರಡಿರುತ್ತದೆ, ಒಣಗಲು ಎರಡು ವಾರ ಬೇಕು, ಒಂದು ಮಡಿ ಎತ್ತುವಷ್ಟರಲ್ಲಿ ಇನ್ನೊಂದು ಬರುತ್ತದೆ. ಮಾರ್ಚ್‌ವರೆಗೆ ಟೀಚರಿಗೆ ಸಿಗುವುದು ಗೋದಾಮಿನ ಗೋಡೆಗೆ ತಾಗಿದ ಎಂಟಡಿ ಅಗಲದ ಪಟ್ಟಿ. ಕಾಫಿ ತುಳಿಯಬಾರದು. ಬೆಳಕು ಹರಿಯುವ ಮೊದಲು ಬರಬಾರದು. ನಾಯಿ ಕಟ್ಟಿಹಾಕಿದ್ದು ನೋಡಿಕೊಂಡೇ ಗೇಟು ತೆಗೆಯಬೇಕು. ಬಾಡಿಗೆ ಎಷ್ಟು ಎಂದು ನಾನು ಕೇಳಿದ್ದಕ್ಕೆ ಅಜ್ಜ ಉತ್ತರವನ್ನೇ ಕೊಡಲಿಲ್ಲ. ಟೀಚರ್ ತಾವಾಗಿ, ಅಭ್ಯಾಸ ಮುಗಿದ ಮೇಲೆ ರಾತ್ರಿ ಮುಚ್ಚಿದ್ದ ಟಾರ್ಪಾಲು ತೆಗೆದು, ಒಂದು ಸುತ್ತು ಕಾಫಿ ಮಗುಚಿಹಾಕಿ ಬರತೊಡಗಿದರು.

ನಾನು ಹೇಳಿದ್ದು ಕೆಲವೇ ಮಾತು. ಬಿಳಿ ಬಟ್ಟೆಯೂ ಬೇಡ, ಕಪ್ಪೂ ಬೇಡ. ವಾಕಿಂಗ್ ಹೋಗುವವರು ಹಾಕುವಂಥದ್ದು ಸಾಕು. ಮೊದಲ ಎರಡು ವಾರ ಕೋಲು ಮನೆಯಲ್ಲೇ ಇರಲಿ. ಯಾರಾದರೂ ಮಾತಾಡಿಸಿದರೆ ಕಾತಾ ಮುಗಿಸಿ, ಬಗ್ಗಿ ವಂದಿಸಿ, ಆಮೇಲೆ ನಗುತ್ತ ಮಾತಾಡಿ. ಜೊತೆಗಾರರನ್ನು ಕರೆತಂದು ಹೊಡೆದಾಟದ ಅಭ್ಯಾಸ ಅಲ್ಲಿ ಬೇಡವೇ ಬೇಡ, ಬಸ್ಸಿನಲ್ಲಿ ಕೂತವರಿಗೆ ಅದು ನಿಜವಾದ ಹೊಡೆದಾಟವಾಗಿಯೇ ಕಾಣುತ್ತದೆ, ಯಾರಾದರೂ ಬಿಡಿಸಲು ಹಾರಿ ಬಂದರೆ ಕಷ್ಟ. ಮತ್ತೆ, ಹೊಸದು ಯಾವುದನ್ನೂ ಅಲ್ಲಿ ಕಲಿಯಬೇಡಿ, ಬಂದದ್ದನ್ನು ಮಾತ್ರ ಮಾಡಿ.

ಈ ಕೊನೆಯದಕ್ಕೆ ಆಧಾರವಿದೆ. ರಾಬರ್ಟ್ ಝಾಯೊಂಟ್ಸ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ಒಂದು ವಾದ ಮುಂದಿಟ್ಟ: ಚೆನ್ನಾಗಿ ರೂಢಿಯಾದ ಕೆಲಸ ನೋಡುವವರಿದ್ದಾಗ ಇನ್ನೂ ಚೆನ್ನಾಗುತ್ತದೆ, ಇನ್ನೂ ಕೈಹತ್ತದ ಕೆಲಸ ಕೆಡುತ್ತದೆ. ನಾಲ್ಕು ವರ್ಷದ ನಂತರ ಜೊತೆಗಾರರೊಂದಿಗೆ ಇದನ್ನು ಜಿರಲೆಗಳ ಮೇಲೂ ಪರೀಕ್ಷಿಸಿದ. ಬೆಳಕಿನಿಂದ ತಪ್ಪಿಸಿಕೊಂಡು ಓಡುವ ಜಿರಲೆ, ಪಕ್ಕದ ಡಬ್ಬಿಗಳಿಂದ ಬೇರೆ ಜಿರಲೆಗಳು ನೋಡುತ್ತಿದ್ದರೆ ನೇರ ದಾರಿಯಲ್ಲಿ ಬೇಗ ಓಡಿತು, ತಿರುವಿನ ದಾರಿಯಲ್ಲಿ ತಡವಾಯಿತು. ಇದನ್ನು ಹೇಳಿದಾಗ ಟೀಚರ್ ಮೊದಲ ಸಲ ನಕ್ಕರು. "ಹಾಗಾದ್ರೆ ಬಸ್ ಬರೋ ಹೊತ್ತಿಗೆ ಸುಲಭದ್ದು ಮಾಡ್ತೇನೆ ಸರ್."

ಆಮೇಲಿನ ತಿಂಗಳುಗಳು

ಮೊದಲ ವಾರ ಏಳೂ ಐದರ ಬಸ್ಸಿನ ಕಿಟಕಿಗಳೆಲ್ಲ ಒಂದೇ ಕಡೆ ತಿರುಗುತ್ತಿದ್ದವು. ಬಸ್ ಸ್ಟ್ಯಾಂಡಿನ ಹುಡುಗರು "ಹೂ, ಹಾ" ಎಂದು ಅಣಕಿಸಿದರು. ಎರಡನೇ ವಾರಕ್ಕೆ ಅಣಕ ಅವರಿಗೇ ಸಪ್ಪೆಯಾಯಿತು. ಫೆಬ್ರವರಿಯಲ್ಲಿ ಕುಡಿದು ಬಂದ ಒಬ್ಬ, ಗೇಟು ಹಿಡಿದುಕೊಂಡು, "ನಂಗೊಂದು ಹೊಡೀರಿ ನೋಡುವಾ" ಎಂದ. ಬಯಲಲ್ಲಿ ಅಭ್ಯಾಸ ಮಾಡುವ ಎಲ್ಲರಿಗೂ ಒಂದಲ್ಲ ಒಂದು ದಿನ ಇಂಥವನು ಸಿಕ್ಕೇ ಸಿಗುತ್ತಾನೆ. ಟೀಚರ್ ಚಪ್ಪಲಿ ಹಾಕಿಕೊಂಡು ಮನೆಗೆ ಹೋದರು. ಮೂರು ದಿನ ಹಾಗೇ ನಡೆಯಿತು, ನಾಲ್ಕನೇ ದಿನ ಅಜ್ಜ ಕುರ್ಚಿಯನ್ನು ಕಣಕ್ಕೆ ಹಾಕಿಸಿಕೊಂಡು ಕೂತರು. ಅವನು ಮತ್ತೆ ಬರಲಿಲ್ಲ.

ವಿಡಿಯೊದ ಮಾತು ಬೇರೆ. ಒಬ್ಬ ಹುಡುಗ, ಟೀಚರ ಹಳೆಯ ವಿದ್ಯಾರ್ಥಿಯೇ, ಬಸ್ ಸ್ಟ್ಯಾಂಡಿನಿಂದ ವಿಡಿಯೊ ಮಾಡಿ ಸಿನಿಮಾ ಮ್ಯೂಸಿಕ್ ಸೇರಿಸಿ ಸ್ಟೇಟಸ್ ಹಾಕಿದ್ದ. ಟೀಚರ್ ಅವನ ಹತ್ತಿರ ಹೋಗಿ, "ನಂಗೂ ಕಳಿಸು, ಆಮೇಲೆ ಡಿಲೀಟ್ ಮಾಡು" ಎಂದರು. ಕೇಳದೆ ತೆಗೆದದ್ದು ತಪ್ಪು ಎಂದು ಅವನಿಗೆ ನಾನೂ ಹೇಳಿದೆ. ಆದರೆ ಆ ನಲವತ್ತು ಸೆಕೆಂಡು ನಮಗೆ ಉಪಯೋಗಕ್ಕೆ ಬಂತು ಎಂಬುದನ್ನು ಮುಚ್ಚಿಡಲಾರೆ. ಮುಂದಕ್ಕೆ ನಿಂತ ಪ್ರತಿ ನಿಲುವಿನಲ್ಲೂ ಟೀಚರ ಹಿಂಗಾಲಿನ ಹಿಮ್ಮಡಿ ನೆಲ ಬಿಟ್ಟು ಒಂದು ಬೆರಳಷ್ಟು ಮೇಲಿರುತ್ತಿತ್ತು. ಹಾಲ್‌ನಲ್ಲಿ ಮುಂದಿನಿಂದ ನೋಡುವ ನನಗೆ ಅದು ಎಂದೂ ಕಂಡಿರಲಿಲ್ಲ, ಬದಿಯಿಂದ ನೋಡಿದ ಹುಡುಗನ ಫೋನಿಗೆ ಕಂಡಿತು. ಇಬ್ಬನಿಗೆ ಒದ್ದೆಯಾದ ಸಿಮೆಂಟಿನ ಮೇಲೆ ಜಾರುವ ಹೆದರಿಕೆಯೇ ಕಾರಣವಾಗಿತ್ತು. ಕ್ಯಾನ್ವಾಸ್ ಶೂ ಹಾಕಿಸಿದ ಮೇಲೆ ಹಿಮ್ಮಡಿ ಕೂತಿತು. ಅವನು ಡಿಲೀಟ್ ಮಾಡಿದ ಮೇಲೂ ಆ ವಿಡಿಯೊ ಎಷ್ಟು ಫೋನುಗಳಲ್ಲಿ ಉಳಿದಿದೆಯೋ. ಆ ವಿಷಯದಲ್ಲಿ ನನಗೆ ಇವತ್ತಿಗೂ ಸಮಾಧಾನವಿಲ್ಲ.

ನಾನು ಊಹಿಸದೇ ಇದ್ದ ಒಂದು ತೊಂದರೆ ಏಪ್ರಿಲ್‌ನಲ್ಲಿ ಹಾಲ್‌ನಲ್ಲಿ ಕಂಡಿತು. ಪರೀಕ್ಷೆಗೆ ಮುಂಚಿನ ತಾಲೀಮು. ಟೀಚರ್ ಕಾತಾದ ಹಿಂದಿನರ್ಧದಲ್ಲಿ ತಿರುಗಬೇಕಾದ ಕಡೆ ನಿಂತುಬಿಟ್ಟರು. ಮತ್ತೆ ಶುರು ಮಾಡಿಸಿದೆ, ಮತ್ತೆ ಅಲ್ಲೇ. ಆಮೇಲೆ ತಿಳಿಯಿತು: ಅವರ ಮೈ ದಿಕ್ಕು ಹಿಡಿಯುತ್ತಿದ್ದದ್ದು ರಸ್ತೆಯಿಂದ. ಕಣದಲ್ಲಿ ಯಾವತ್ತೂ ಬಲಗಡೆ ರಸ್ತೆ, ಎಡಗಡೆ ಗೋದಾಮು. ಹಾಲ್‌ನಲ್ಲಿ ಎರಡೂ ಇಲ್ಲ. ಸಾಲದ್ದಕ್ಕೆ, ಎಂಟಡಿ ಪಟ್ಟಿಯಲ್ಲಿ ಕಾಫಿ ತುಳಿಯಬಾರದೆಂದು ಬದಿಯ ಹೆಜ್ಜೆಗಳನ್ನು ಗಿಡ್ಡ ಮಾಡಿಕೊಂಡಿದ್ದು ಹಾಗೇ ರೂಢಿಯಾಗಿತ್ತು. ಅಷ್ಟೊತ್ತಿಗೆ ಕಣ ಪೂರ್ತಿ ಖಾಲಿಯಾಗಿತ್ತು, ಪುಣ್ಯ. ದಿನಕ್ಕೊಂದು ದಿಕ್ಕಿಗೆ ಮುಖಮಾಡಿ ಶುರು ಮಾಡಿ ಎಂದೆ: ಒಂದು ದಿನ ಗೋದಾಮು, ಒಂದು ದಿನ ಅಜ್ಜನ ಮನೆ, ಒಂದು ದಿನ ತೋಟ, ಒಂದು ದಿನ ಬಸ್ ಸ್ಟ್ಯಾಂಡ್. ಬಸ್ ಸ್ಟ್ಯಾಂಡಿನ ಎದುರಾಬದುರು ನಿಲ್ಲುವುದೇ ಎಲ್ಲಕ್ಕಿಂತ ಕಷ್ಟವಾಯಿತಂತೆ. ಮೇ ಕೊನೆಯಲ್ಲಿ ಪರೀಕ್ಷೆ ಪಾಸಾದರು. ಅತ್ತೆ ಊರಿಗೆಲ್ಲ ಲಾಡು ಹಂಚಿದರು, ದೇವಸ್ಥಾನ ಸಮಿತಿಯವರ ಮನೆಗೂ.

ಈ ನಡುವೆ ಇನ್ನೊಂದು ದೂರು ಬಂತು, ಕಾವಲಿನವನಿಂದ. ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ಮತ್ತೆ ಬಂದಿದ್ದವು. ಒಂದು ಬೆಳಿಗ್ಗೆ ಆರೂಮುಕ್ಕಾಲಿಗೆ ಒಂಟಿ ಆನೆಯೊಂದು ಲೈನ್ ಮನೆಯ ಹಿಂದಿನ ಹಲಸಿನ ಮರಕ್ಕೆ ಬಂದು ನಿಂತಿತು. ಇವನು ಗಂಟಲು ಹರಿಯುವಂತೆ ಕೂಗಿದ. ಯಾರೂ ಹೊರಗೆ ಬರಲಿಲ್ಲ. ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಗಸು ಮಗುವಿಗೆ, "ಆನೆಯಲ್ಲ ಮಗಾ, ಟೀಚರ್" ಎನ್ನುತ್ತಿದ್ದದ್ದು ಅವನ ಕಿವಿಗೇ ಬಿತ್ತಂತೆ. ಆನೆ ತನ್ನಷ್ಟಕ್ಕೆ ಎರಡು ಹಣ್ಣು ಕೆಡವಿಕೊಂಡು ಹೋಯಿತು, ಬೇರೇನೂ ಆಗಲಿಲ್ಲ.

"ನಿಮ್ಮಿಂದಾಗಿ ನನ್ನ ಬೊಬ್ಬೆಗೆ ಬೆಲೆ ಇಲ್ಲದಂಗೆ ಆಯ್ತಲ್ಲ ಟೀಚರೇ" ಎಂದು ಅವನು ಕಣಕ್ಕೇ ಬಂದು ಜಗಳವಾಡಿದ. ಟೀಚರ್ ಆ ಭಾನುವಾರ ನನ್ನನ್ನು ಕೇಳಿದರು, ನನ್ನ ಹತ್ತಿರ ಉತ್ತರವಿರಲಿಲ್ಲ. ತೀರ್ಮಾನ ಮಾಡಿದ್ದು ಅಜ್ಜ. ಈಗ ಬೆಳಿಗ್ಗೆ ಏಳಕ್ಕೆ ಮೊದಲು ಟೀಚರ್ ಕೂಗುವುದಿಲ್ಲ, ಮತ್ತು ಆನೆ ಬಂದರೆ ಕಾವಲಿನವನು ಕೂಗುವ ಬದಲು ಖಾಲಿ ಎಣ್ಣೆ ಡಬ್ಬ ಬಡಿಯುತ್ತಾನೆ.